ಬೆಳಕಿನ ಬಾಗುವಿಕೆಯೂ ವಿಶ್ವದ ವಕ್ರತೆಯೂ

(ಶ್ರೀಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಂಗಳಸಮಯದಲ್ಲಿ ಆಧುನಿಕ ವಿಜ್ಞಾನದ ಯಾವುದಾದರೊಂದು ವಿಷಯವನ್ನು ಸರ್ವರಿಗೂ ತಿಳಿಯುವಂತೆ ಕನ್ನಡದಲ್ಲಿ ಹೇಳಬೇಕೆಂದು ನನಗೆ ಅಪ್ಪಣೆಯಾಯಿತು. ಏನನ್ನು ಹೇಳಲೆಂದು ಯೋಚಿಸುತ್ತಿರುವಾಗ ನಿನ್ನೆಯ ಸಾಯಂಕಾಲ ಪ್ರಸಾದನಿಲಯದ ಹುಡುಗನೊಬ್ಬನು ಬಂದು, "ಗುರುಗಳೆ, ವಿಶ್ವವು ಬಾಗಿದೆಯೆಂದು ಕೆಲವರೂ, ಬಾಗಿಲ್ಲವೆಂದು ಕೆಲವರೂ ಹೇಳುತ್ತಾರಂತೆ. ವಿಶ್ವದ ಹೊರಗೆ ನಿಂತು ಅದನ್ನು ನೋಡಿದವರು ಯಾರೂ ಇಲ್ಲವಷ್ಟೆ. ಹಾಗಿರುವಾಗ ಇವರು ಯಾವ ಧೈರ್ಯದಿಂದ ಹೀಗೆ ಹೇಳುತ್ತಾರೆ?" ಎಂದು ಕೇಳಿದನು. ಆ ಪ್ರಶ್ನೆಯೇ ಇಂದಿನ ನನ್ನ ವಿಷಯ. ಹುಡುಗನು ಕೇಳಿದ್ದು ಸಣ್ಣ ಮಾತಲ್ಲ. ಮನೆಯೊಳಗಿಂದ ಹೊರಕ್ಕೆ ಕಾಲಿಡಲಾರದವನು ಮನೆಯ ಆಕಾರವನ್ನು ಹೇಗೆ ತಿಳಿಯಬೇಕು, ಮತ್ತು ತಾನು ತಿಳಿದುದು ನಿಜವೋ ಅಥವಾ ತನ್ನ ಊಹೆಯ ಪ್ರತಿಬಿಂಬವೋ ಎಂಬುದನ್ನು ಹೇಗೆ ಪರೀಕ್ಷಿಸಬೇಕು ಎಂಬುದೇ ಇಲ್ಲಿಯ ಸಂಗತಿ.

ಮೊದಲು ವಕ್ರತೆಯೆಂದರೇನೆಂಬುದನ್ನು ನಮ್ಮ ಕಾಲಕೆಳಗಿನ ನೆಲದಿಂದಲೇ ತಿಳಿಯೋಣ. ಶಾಲೆಯಲ್ಲಿ ನಾವೆಲ್ಲರೂ ತ್ರಿಕೋನದ ಮೂರು ಕೋನಗಳ ಮೊತ್ತವು 180 ಅಂಶಗಳೆಂದು ಕಲಿತಿದ್ದೇವೆ. ಸಮತಲವಾದ ಹಲಗೆಯ ಮೇಲೆ ಇದು ಸತ್ಯ. ಗೋಲದ ಮೇಲೆ ಸತ್ಯವಲ್ಲ. ಅಲ್ಲಿ ಮೊತ್ತವು 180ಕ್ಕಿಂತ ಹೆಚ್ಚಾಗುತ್ತದೆ. ತ್ರಿಕೋನವು ದೊಡ್ಡದಾದಷ್ಟೂ ಹೆಚ್ಚಳವೂ ದೊಡ್ಡದು. ನಮ್ಮ ಭೂಮಿಯ ಮೇಲೆ ಸುಮಾರು 197 ಚದರ ಕಿಲೋಮೀಟರಿನ ಕ್ಷೇತ್ರಕ್ಕೆ ಒಂದು ವಿಕಲೆಯಂತೆ ಈ ಹೆಚ್ಚಳ ಬರುತ್ತದೆ. ವಿಕಲೆಯೆಂದರೆ ಒಂದು ಅಂಶದ 3600ನೆಯ ಒಂದು ಪಾಲು. ವಿಲಿಯಂ ಲ್ಯಾಂಬ್ಟನ್ನನು 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳ ಸರಪಣಿಯನ್ನು ಮೈಸೂರು ಸೀಮೆಯ ಮೂಲಕ ಪಶ್ಚಿಮ ಸಮುದ್ರದವರೆಗೆ ಹಬ್ಬಿಸಿದನು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆದು ತನ್ನ ಲೆಕ್ಕವನ್ನು ತಾಳೆ ನೋಡಿದನು. ಬೆಟ್ಟದ ನೆತ್ತಿಯಿಂದ ಬೆಟ್ಟದ ನೆತ್ತಿಗೆ ಹಾಯಿಸಿದ, ಒಂದೊಂದು ಬಾಹುವೂ 50 ಕಿಲೋಮೀಟರ್ ಇರುವ ತ್ರಿಕೋನದಲ್ಲಿ ಈ ಹೆಚ್ಚಳವು ಐದೂವರೆ ವಿಕಲೆಯಾಗುತ್ತದೆ. ಅಂತಹ ಮೋಜಣಿಯಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನಕ್ಷೆಯೇ ಹೊಂದುವುದಿಲ್ಲ. ಆದರೆ ಒಂದು ಎಕರೆ ಹೊಲದ ತ್ರಿಕೋನದಲ್ಲಿ ಹೆಚ್ಚಳವು ಒಂದು ವಿಕಲೆಯ ಸುಮಾರು ಐವತ್ತು ಸಾವಿರದಲ್ಲೊಂದು ಪಾಲು ಮಾತ್ರ. ಆದುದರಿಂದ ಹೊಲವನ್ನು ಅಳೆಯುವ ರೈತನಿಗೆ ಭೂಮಿಯು ಸಮತಲ. ಅವನು ತಪ್ಪಿದವನಲ್ಲ, ಅವನ ಹಗ್ಗವು ಚಿಕ್ಕದು. ಈ ಹೊಲದ ಮಾತನ್ನು ತಾವು ನೆನಪಿನಲ್ಲಿ ಇಟ್ಟುಕೊಂಡಿರಬೇಕೆಂದು ಪ್ರಾರ್ಥಿಸುತ್ತೇನೆ. ಕೊನೆಯಲ್ಲಿ ಅದು ಬೇಕಾಗುವುದು.

ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಲ್ಯಾಂಬ್ಟನ್ನನು ಭೂಮಿಯನ್ನು ಬಿಟ್ಟು ಮೇಲಕ್ಕೆ ಹಾರಲಿಲ್ಲ. ನೆಲದ ಮೇಲೆಯೇ ನಿಂತು, ನೆಲದ ಮೇಲಿನ ರೇಖೆಗಳನ್ನೂ ಕೋನಗಳನ್ನೂ ಅಳೆದನು. ಒಂದು ಮೈಯ ವಕ್ರತೆಯನ್ನು ಆ ಮೈಯ ಒಳಗಣ ಅಳತೆಗಳಿಂದಲೇ ಕಂಡುಹಿಡಿಯಬಹುದೆಂದು ಜರ್ಮನಿಯ ಗಣಿತಜ್ಞ ಗೌಸನು 1827ರಲ್ಲಿ ಸಾಧಿಸಿ ತೋರಿಸಿದನು. ಅವನ ಶಿಷ್ಯನಾದ ರೀಮಾನನು 1854ರಲ್ಲಿ ಗಟಿಂಗೆನ್ನಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಈ ವಿಚಾರವನ್ನು ಉದ್ದ, ಅಗಲ, ಎತ್ತರಗಳುಳ್ಳ ಆಕಾಶಕ್ಕೂ ಅನ್ವಯಿಸಿದನು. ಅಂದರೆ ನಾವು ವಾಸಿಸುವ ಈ ಅವಕಾಶವೇ ಗೋಲದಂತೆ ಬಾಗಿರಬಹುದು, ಕುದುರೆಯ ಜೀನಿನಂತೆ ವಿರುದ್ಧವಾಗಿ ಬಾಗಿರಬಹುದು, ಇಲ್ಲವೆ ಹಲಗೆಯಂತೆ ಋಜುವಾಗಿರಬಹುದು. ಯಾವುದೆಂಬುದನ್ನು ತರ್ಕದಿಂದ ತೀರ್ಮಾನಿಸಲು ಬರುವುದಿಲ್ಲ, ಅಳತೆಯಿಂದಲೇ ತೀರ್ಮಾನಿಸಬೇಕು. ಗೋಲದ ಬಗೆಯಾದರೆ ವಿಶ್ವವು ಎಲ್ಲೆಯಿಲ್ಲದಿದ್ದರೂ ಪರಿಮಿತವಾಗಿರುವುದು: ಭೂಮಿಯ ಮೇಲೆ ನಡೆಯುವ ಇರುವೆಯು ಎಲ್ಲಿಯೂ ಅಂಚನ್ನು ಕಾಣದಿದ್ದರೂ ಭೂಮಿಯ ಕ್ಷೇತ್ರಫಲವು ಪರಿಮಿತವಾಗಿರುವಂತೆ. ಹುಡುಗನ ಪ್ರಶ್ನೆಗೆ ಉತ್ತರವು ಈ ಮೂರು ದಾರಿಗಳಲ್ಲಿ ಒಂದರಲ್ಲಿದೆ.

ಹಾಗಾದರೆ ಆಕಾಶದಲ್ಲಿ ತ್ರಿಕೋನವನ್ನು ಹೂಡುವುದು ಹೇಗೆ? ಇಲ್ಲಿ ಕೋನಗಳಿಗಿಂತ ಹೆಚ್ಚು ಅನುಕೂಲವಾದ ಇನ್ನೊಂದು ಪರೀಕ್ಷೆಯಿದೆ. ಅದನ್ನು ಸ್ವಲ್ಪ ಸಾವಧಾನದಿಂದ ಕೇಳಬೇಕೆಂದು ಅರಿಕೆ.

ಭೂಮಿಯ ಉತ್ತರಧ್ರುವದಿಂದ ಇಬ್ಬರು ಪ್ರಯಾಣಿಕರು ಹೊರಡುವರೆಂದು ಭಾವಿಸೋಣ. ಅವರ ದಾರಿಗಳ ನಡುವೆ ಒಂದೇ ಒಂದು ಅಂಶದ ಕೋನವಿದೆ. ಇಬ್ಬರೂ ಎಡಬಲಕ್ಕೆ ತಿರುಗದೆ ನೇರವಾಗಿ ದಕ್ಷಿಣಕ್ಕೆ ನಡೆಯುತ್ತಾರೆ. ಭೂಮಿಯು ಹಲಗೆಯಂತಿದ್ದರೆ 5000 ಕಿಲೋಮೀಟರ್ ನಡೆದಾಗ ಇಬ್ಬರ ನಡುವಣ ಅಗಲವು ಸುಮಾರು 87 ಕಿಲೋಮೀಟರ್ ಆಗಬೇಕು. 10,000 ಕಿಲೋಮೀಟರ್ ನಡೆದಾಗ ಅದರ ಇಮ್ಮಡಿ, ಎಂದರೆ ಸುಮಾರು 174 ಆಗಬೇಕು. ಆದರೆ ನಿಜವಾದ ಭೂಮಿಯ ಮೇಲೆ 5000 ಕಿಲೋಮೀಟರಿನಲ್ಲಿ ಅಗಲವು 78.6 ಮಾತ್ರ, 10,000 ಕಿಲೋಮೀಟರ್ ನಡೆದು ವಿಷುವದ್ರೇಖೆಯನ್ನು ಮುಟ್ಟಿದಾಗ 111 ಮಾತ್ರ. ಈಗ ನಡುದಾರಿಯಲ್ಲಿ, 5000 ಕಿಲೋಮೀಟರಿನ ಬಿಂದುವಿನಲ್ಲಿ, ಬೇರೆ ಇಬ್ಬರನ್ನು ನಿಲ್ಲಿಸಿ, ಅವರೂ ಅಲ್ಲಿಂದ ಒಂದು ಅಂಶದ ಕೋನದಲ್ಲಿ ಮುಂದಿನ 5000 ಕಿಲೋಮೀಟರ್ ನಡೆಯಲೆಂದು ಹೇಳೋಣ. ಅವರ ಅಗಲವೂ 78.6 ಆಗುವುದು. ಎರಡು ತುಂಡುದಾರಿಗಳ ಅಗಲಗಳನ್ನು ಕೂಡಿದರೆ 157.2; ಇಡೀ ದಾರಿಯ ಅಗಲವಾದರೋ 111! ತುಂಡುಗಳ ಮೊತ್ತವು ಇಡಿಯದಕ್ಕಿಂತ ಹೆಚ್ಚು. ಹಲಗೆಯ ಮೇಲೆ ಮೊತ್ತವೂ ಇಡಿಯೂ ಸರಿಸಮ. ಜೀನಿನ ಆಕಾರದ ಮೈಯ ಮೇಲೆ ಇಡಿಯೇ ಮೊತ್ತವನ್ನು ಮೀರುವುದು. ವಕ್ರತೆಯ ಪರೀಕ್ಷೆಯೆಲ್ಲವೂ ಈ ಒಂದು ಕೂಡಿಕೆಯಲ್ಲಿ ಅಡಗಿದೆ.

ಆಕಾಶದಲ್ಲಿ ಈ ಇಬ್ಬರು ಪ್ರಯಾಣಿಕರ ಕೆಲಸವನ್ನು ಎರಡು ಬೆಳಕಿನ ಕಿರಣಗಳು ಮಾಡುತ್ತವೆ. ದೂರದ ವಸ್ತುವಿನ ಎರಡು ಅಂಚುಗಳಿಂದ ಹೊರಟ ಕಿರಣಗಳು ನಮ್ಮ ಕಣ್ಣಿನಲ್ಲಿ ಒಂದು ಕೋನವನ್ನು ಮಾಡಿ ಸೇರುತ್ತವೆ. ವಸ್ತುವಿನ ಅಗಲವನ್ನು ಆ ಕೋನದಿಂದ ಭಾಗಿಸಿದರೆ ಬರುವುದನ್ನು ನಾನು 'ಹರಹಿನ ದೂರ' ಎಂದು ಕರೆಯುವೆನು. ವಿಶ್ವವು ವಿಸ್ತರಿಸುತ್ತಿರುವುದರಿಂದ ಆ ವಿಸ್ತಾರದ ಲೆಕ್ಕವನ್ನು ತೆಗೆದು, ಎಲ್ಲ ದೂರಗಳನ್ನೂ ಇಂದಿನ ಅಳತೆಗೆ ತಂದುಕೊಳ್ಳಬೇಕು. ಇಷ್ಟು ಮಾಡಿದ ಮೇಲೆ ಬೇಕಾದುದು ಮೂರು ಹರಹಿನ ದೂರಗಳು: ನಮ್ಮಿಂದ ನಡುವಣ ಬಿಂದುವಿಗೆ, ನಮ್ಮಿಂದ ಕೊನೆಯ ಬಿಂದುವಿಗೆ, ಮತ್ತು ನಡುವಣ ಬಿಂದುವಿನಿಂದ ಕೊನೆಯ ಬಿಂದುವಿಗೆ. ಮೊದಲಿನ ಎರಡನ್ನು ನಾವಿರುವಲ್ಲಿಂದಲೇ ಅಳೆಯಬಹುದು. ಮೂರನೆಯದಕ್ಕೆ ನಡುವಣ ಬಿಂದುವಿನಲ್ಲಿ ಒಬ್ಬ ವೀಕ್ಷಕನು ನಿಂತಿರಬೇಕು. ಅಲ್ಲಿಗೆ ನಾವು ಯಾವ ಕಾಲಕ್ಕೂ ಹೋಗಲಾರೆವು. ಅಲ್ಲಿ ನಿಂತು ನಮ್ಮ ಪರವಾಗಿ ಅಳೆದುಕೊಡುವವರು ಯಾರು?

ಆ ವೀಕ್ಷಕನನ್ನು ಪ್ರಕೃತಿಯೇ ಅಲ್ಲಿ ನಿಲ್ಲಿಸಿರುವುದು. ಅದೇ ಗುರುತ್ವಮಸೂರ.

ಭಾರವುಳ್ಳ ವಸ್ತುವಿನ ಬಳಿ ಹಾದುಹೋಗುವ ಬೆಳಕು ಬಾಗುವುದೆಂದು ಐನ್‌ಸ್ಟೈನರು 1915ರಲ್ಲಿ ತಮ್ಮ ಸಾಮಾನ್ಯ ಸಾಪೇಕ್ಷತಾವಾದದಿಂದ ಗುಣಿಸಿ, ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರಕಿರಣವು ಸುಮಾರು 1.75 ವಿಕಲೆಯಷ್ಟು ಬಾಗಬೇಕೆಂದು ಹೇಳಿದರು. ನ್ಯೂಟನ್ನನ ಮತದಂತೆ ಲೆಕ್ಕ ಹಾಕಿದರೆ ಅದರ ಅರ್ಧ ಮಾತ್ರ ಬರುವುದು. 1919ನೆಯ ಮೇ 29ರ ಪೂರ್ಣ ಸೂರ್ಯಗ್ರಹಣದಲ್ಲಿ ಆಂಗ್ಲ ಜ್ಯೋತಿರ್ವಿಜ್ಞಾನಿಗಳ ಒಂದು ತಂಡವು ಬ್ರೆಜಿಲಿನ ಸೊಬ್ರಾಲಿನಲ್ಲಿಯೂ, ಎಡಿಂಗ್ಟನ್ನರ ತಂಡವು ಆಫ್ರಿಕದ ಪಶ್ಚಿಮದಲ್ಲಿರುವ ಪ್ರಿನ್ಸಿಪೆ ದ್ವೀಪದಲ್ಲಿಯೂ ಛಾಯಾಚಿತ್ರಗಳನ್ನು ತೆಗೆದವು. ಸೊಬ್ರಾಲಿನಿಂದ 1.98, ಪ್ರಿನ್ಸಿಪೆಯಿಂದ 1.61 ವಿಕಲೆಗಳು ದೊರೆತವು. ಆ ವರ್ಷದ ನವೆಂಬರ್ 6ರಂದು ಲಂಡನ್ನಿನಲ್ಲಿ ಈ ಫಲವನ್ನು ಪ್ರಕಟಿಸಿದರು.

ಬೆಳಕು ಬಾಗುವುದಾದರೆ ಭಾರವಾದ ವಸ್ತುವು ಗಾಜಿನ ಮಸೂರದಂತೆ ವರ್ತಿಸಬೇಕಷ್ಟೆ. ಅಡಿ ದಪ್ಪವಾದ ಗಾಜಿನ ಲೋಟವನ್ನು ಕಣ್ಣಿಗೆ ಹಿಡಿದು ದೂರದ ದೀಪವನ್ನು ನೋಡಿದವರು ಒಂದು ದೀಪವು ಎರಡಾಗಿ, ಕೆಲವು ವೇಳೆ ಕಮಾನಾಗಿ, ಸರಿಯಾಗಿ ನಡುವೆ ಬಂದಾಗ ಉಂಗುರವಾಗಿ ತೋರುವುದನ್ನು ಕಂಡಿರಬಹುದು. ಐನ್‌ಸ್ಟೈನರು 1936ರಲ್ಲಿ ಒಂದು ನಕ್ಷತ್ರವು ಇನ್ನೊಂದಕ್ಕೆ ಹೀಗೆ ಮಸೂರವಾಗುವುದನ್ನು ಕುರಿತು ಬರೆದರಾದರೂ, ಅದು ಕಾಣಸಿಗುವ ಸಂಭವವು ತೀರ ಕಡಮೆಯೆಂದು ಭಾವಿಸಿದ್ದರು. ಮರುವರ್ಷವೇ ಫ್ರಿಟ್ಸ್ ಜ್ವಿಕಿ ಎಂಬವರು ಬಿಡಿ ನಕ್ಷತ್ರಕ್ಕೆ ಬದಲಾಗಿ ಗೆಲಾಕ್ಸಿಗಳನ್ನು, ಎಂದರೆ ನಮ್ಮ ಆಕಾಶಗಂಗೆಯಂತಹ ಮಹಾ ನಕ್ಷತ್ರಸಮೂಹಗಳನ್ನು, ಮಸೂರವೆಂದು ತೆಗೆದುಕೊಂಡರೆ ಕಾಣುವುದು ಸಾಧ್ಯವೆಂದು ಸೂಚಿಸಿದರು. ನಲವತ್ತೆರಡು ವರ್ಷಗಳ ತರುವಾಯ, 1979ರಲ್ಲಿ, ವಾಲ್ಷ್, ಕಾರ್ಸ್‌ವೆಲ್, ವೇಮನ್ ಎಂಬ ಮೂವರು ಸುಮಾರು ಆರು ವಿಕಲೆಗಳ ಅಂತರದಲ್ಲಿರುವ ಎರಡು ಕ್ವೇಸಾರುಗಳನ್ನು ಪರೀಕ್ಷಿಸಿ, ಅವೆರಡೂ ಒಂದೇ ವಸ್ತುವಿನ ಎರಡು ಬಿಂಬಗಳೆಂದು ಕಂಡುಕೊಂಡರು. ಇದೇ ಮೊದಲು ಕಂಡ ಗುರುತ್ವಮಸೂರ. ಅಲ್ಲಿಂದೀಚೆಗೆ ಹಬಲ್ ದೂರದರ್ಶಕವೇ ಮೊದಲಾದವುಗಳಿಂದ ಉಂಗುರಗಳೂ ಕಮಾನುಗಳೂ ಬಹಳವಾಗಿ ದೊರೆತಿವೆ.

ಈಗ ಮೂರನೆಯ ದೂರಕ್ಕೆ ಬರೋಣ. ನಮ್ಮ ದೃಷ್ಟಿರೇಖೆಯಲ್ಲಿ ಒಂದು ಗೆಲಾಕ್ಸಿಯೂ, ಸರಿಯಾಗಿ ಅದರ ಹಿಂದೆ, ಇನ್ನೂ ದೂರದಲ್ಲಿ, ಇನ್ನೊಂದು ಗೆಲಾಕ್ಸಿಯೂ ಇರುವುದೆಂದಿಟ್ಟುಕೊಳ್ಳೋಣ. ಹಿಂದಿನದರ ಬೆಳಕು ಮುಂದಿನದರ ಸುತ್ತಲೂ ಬಾಗಿ ನಮಗೆ ಉಂಗುರವಾಗಿ ತೋರುವುದು. ನಾವು ಕಾಣುವ ಉಂಗುರದ ಕೋನತ್ರಿಜ್ಯವು ಒಂದು ಕೋನ. ಮಸೂರದ ಬಳಿ ಬೆಳಕು ನಿಜವಾಗಿ ಬಾಗಿದ ಕೋನವು ಮತ್ತೊಂದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ, ಮಸೂರದಿಂದ ಮೂಲಕ್ಕಿರುವ ದೂರಕ್ಕೂ ನಮ್ಮಿಂದ ಮೂಲಕ್ಕಿರುವ ದೂರಕ್ಕೂ ಇರುವ ಪ್ರಮಾಣವು ದೊರೆಯುವುದು. ಉಂಗುರವನ್ನು ಛಾಯಾಚಿತ್ರದಲ್ಲಿ ಅಳೆಯಬಹುದು. ಬಾಗಿದ ಕೋನವನ್ನು ತಿಳಿಯಲು ಮಸೂರದ ಭಾರವು ಗೊತ್ತಾಗಬೇಕು. ಅದನ್ನು ಆ ಗೆಲಾಕ್ಸಿಯೊಳಗಣ ನಕ್ಷತ್ರಗಳು ಎಷ್ಟು ವೇಗದಿಂದ ಅತ್ತಿತ್ತ ಚಲಿಸುತ್ತಿವೆಯೆಂಬುದರಿಂದ ವರ್ಣಪಟಲದ ಮೂಲಕ ಕಂಡುಹಿಡಿಯುವರು. ಆ ವೇಗವು ಸೆಕೆಂಡಿಗೆ 250 ಕಿಲೋಮೀಟರ್ ಆದರೆ, ಸರಳವಾದ ಲೆಕ್ಕದಂತೆ ಬೆಳಕು ಬಾಗುವ ಕೋನವು ಸುಮಾರು 1.8 ವಿಕಲೆ. ಉಂಗುರವು 0.9 ವಿಕಲೆಯಲ್ಲಿ ಕಂಡರೆ ಪ್ರಮಾಣವು ಅರ್ಧ. ಅಂದರೆ ಮಸೂರದಿಂದ ಮೂಲಕ್ಕಿರುವ ಹರಹಿನ ದೂರವು ನಮ್ಮಿಂದ ಮೂಲಕ್ಕಿರುವುದರ ಅರ್ಧವೆಂದಾಯಿತು. ನಾವು ಹೋಗಲಾರದ ಸ್ಥಳದ ಅಳತೆಯು ನಮ್ಮ ಕೈಗೆ ಬಂದಿತು!

ಉಳಿದ ಎರಡು ದೂರಗಳಿಗೆ ಸೂಪರ್‌ನೋವಾ ಎಂಬ ಸ್ಫೋಟಿಸುವ ನಕ್ಷತ್ರಗಳ ಒಂದು ವರ್ಗವು ಸಹಾಯಕವಾಗಿರುವುದು. ಅವುಗಳ ನಿಜವಾದ ಕಾಂತಿಯು ಹೆಚ್ಚುಕಡಮೆ ಒಂದೇ ಸಮನಾಗಿರುವುದರಿಂದ, ಮಂಕಾದಷ್ಟೂ ದೂರವೆಂದು ತಿಳಿಯಬಹುದು. ಮಸೂರದ ಬೆಳಕು ಎಷ್ಟು ಕೆಂಪಿನ ಕಡೆಗೆ ಸರಿದಿದೆಯೋ ಅಷ್ಟೇ ಸರಿದ ಸೂಪರ್‌ನೋವಾದ ದೂರವೇ ಮಸೂರದ ದೂರ, ಮೂಲಕ್ಕೂ ಹಾಗೆಯೇ. ಕಾಂತಿಯಿಂದ ತಿಳಿದ ದೂರವನ್ನು ಹರಹಿನ ದೂರವನ್ನಾಗಿ ಮಾರ್ಪಡಿಸುವ ನಿಯಮವನ್ನು ಎಥರಿಂಗ್ಟನ್ ಎಂಬವರು 1933ರಲ್ಲಿಯೇ ಕೊಟ್ಟಿರುವರು. ಈಗ ನಮ್ಮ ಉದಾಹರಣೆಯಲ್ಲಿ ಮಸೂರದ ದೂರವು ಮೂಲದ ದೂರದ ಸರಿಯಾಗಿ ಅರ್ಧವಾದರೆ ಅರ್ಧವೂ ಅರ್ಧವೂ ಸೇರಿ ಒಂದಾಯಿತು, ವಿಶ್ವವು ಋಜು. ಅದು ಹತ್ತರಲ್ಲಿ ಆರು ಪಾಲಾದರೆ ಮೊತ್ತವು ಇಡಿಯನ್ನು ಮೀರಿತು. ವಿಶ್ವವು ಗೋಲದ ಬಗೆಯದು. ಹತ್ತರಲ್ಲಿ ನಾಲ್ಕಾದರೆ ಮೊತ್ತವು ಇಡಿಗೆ ಸಾಲದೆ ಹೋಯಿತು. ಅದು ಜೀನಿನ ಬಗೆ.

ಈ ಪರೀಕ್ಷೆಯ ದೊಡ್ಡ ಗುಣವನ್ನು ಇಲ್ಲಿ ಹೇಳಬೇಕು. ವಿಶ್ವದಲ್ಲಿ ಎಷ್ಟು ದ್ರವ್ಯವಿದೆ, ಅದರ ವಿಸ್ತಾರವನ್ನು ತ್ವರೆಗೊಳಿಸುವ ಶಕ್ತಿಯ ಸ್ವರೂಪವೇನು ಎಂಬ ಯಾವ ಊಹೆಯನ್ನೂ ಈ ಕೂಡಿಕೆಯು ಬೇಡುವುದಿಲ್ಲ. ಅಳತೆಗೋಲಿನೊಳಗೆ ಉತ್ತರವನ್ನು ಮೊದಲೇ ಅಡಗಿಸಿಟ್ಟು ಅಳೆದರೆ ಬರುವುದು ನಮ್ಮ ಮಾತೇ ಹೊರತು ಪ್ರಕೃತಿಯ ಮಾತಲ್ಲ. ಇಲ್ಲಿ ಇರುವ ಊಹೆಯು ಒಂದೇ: ವಿಶ್ವವು ಬೃಹತ್ಪ್ರಮಾಣದಲ್ಲಿ ಎಲ್ಲೆಡೆಯೂ ಎಲ್ಲ ದಿಕ್ಕಿನಲ್ಲಿಯೂ ಒಂದೇ ಬಗೆಯಾಗಿದೆ ಎಂಬುದು. ಆ ಊಹೆಯನ್ನೂ ಈ ಪರೀಕ್ಷೆಯೇ ಶೋಧಿಸಬಲ್ಲುದು. ಬೇರೆ ಬೇರೆ ದೂರದ ಮಸೂರಗಳು ಬೇರೆ ಬೇರೆ ವಕ್ರತೆಯನ್ನು ಹೇಳಿದರೆ ಆ ಊಹೆಯೇ ಸುಳ್ಳೆಂದು ಸಿದ್ಧವಾಗುವುದು.

ಹಾಗಾದರೆ ಫಲವೇನು? ಸಿಕ್ಸಿ ರಾಸಾನೆನ್ ಮತ್ತು ಅವರ ಸಂಗಡಿಗರು 2015ರಲ್ಲಿ ಹಬಲ್ ದೂರದರ್ಶಕದಿಂದ ದೊರೆತ ಮಸೂರಗಳನ್ನೂ ಸೂಪರ್‌ನೋವಾಗಳ ಪಟ್ಟಿಯನ್ನೂ ತೆಗೆದುಕೊಂಡು ಈ ಪರೀಕ್ಷೆಯನ್ನು ನಡೆಸಿದರು. ವಕ್ರತೆಯನ್ನು ಸೂಚಿಸುವ ಅಂಕವು ಸೊನ್ನೆಯಾದರೆ ಋಜು, ಋಣವಾದರೆ ಗೋಲ, ಧನವಾದರೆ ಜೀನು ಎಂದು ರೂಢಿ. ಅವರಿಗೆ ದೊರೆತುದು −1.22ರಿಂದ 0.63ರ ನಡುವೆ ಎಂಬ ಉತ್ತರ. ಸೊನ್ನೆಯು ಒಳಗೇ ಇದೆ. ಆದರೆ ಬೇಲಿಯು ಬಹು ಅಗಲವಾಗಿದೆ. ಮಸೂರದೊಳಗೆ ಭಾರವು ಹೇಗೆ ಹಂಚಿಕೊಂಡಿದೆಯೆಂಬುದು ಸರಿಯಾಗಿ ತಿಳಿಯದಿರುವುದೇ ಇದಕ್ಕೆ ಮುಖ್ಯ ಕಾರಣವೆಂದು ಅವರೇ ಒಪ್ಪಿಕೊಂಡಿರುವರು. ಮಸೂರದ ಮುಂದೆ ಸಮನಾಗಿ ಹರಡಿದ ಭಾರದ ತೆರೆಯೊಂದನ್ನು ಸೇರಿಸಿ, ಗೆಲಾಕ್ಸಿಯ ಭಾರವನ್ನು ತಕ್ಕಷ್ಟು ತಗ್ಗಿಸಿದರೆ ಬಿಂಬಗಳ ಸ್ಥಾನವು ಕೊಂಚವೂ ಬದಲಾಗದೆಂದು 1985ರಲ್ಲಿ ಫಾಲ್ಕೊ, ಗೊರೆನ್‌ಸ್ಟೈನ್, ಷಪೀರೊ ಎಂಬವರು ತೋರಿಸಿದ್ದರು. ಬಿಂಬಗಳನ್ನು ಮಾತ್ರ ನೋಡುವವನಿಗೆ ಈ ಮೋಸವು ಕಾಣುವುದೇ ಇಲ್ಲ. ಆದುದರಿಂದ ಬೇರೊಂದು ಸಾಕ್ಷಿಯು ಬೇಕು.

ಅಂತಹ ಸಾಕ್ಷಿಗಳಲ್ಲಿ ಒಂದು ಕಾಲ. ಎರಡು ಬಿಂಬಗಳ ಬೆಳಕು ಬೇರೆ ಬೇರೆ ದಾರಿಯಲ್ಲಿ ಬರುವುದರಿಂದ ಒಂದು ಮುಂಚೆಯೂ ಒಂದು ತಡವಾಗಿಯೂ ತಲಪುತ್ತವೆ. ಈ ತಡವನ್ನು ಅಳೆದರೆ ವಿಶ್ವದ ದೂರಗಳು ತಿಳಿಯುವುವೆಂದು ನಾರ್ವೆಯ ರೆಫ್ಸ್‌ಡಾಲರು 1964ರಲ್ಲಿ, ಒಂದು ಮಸೂರವೂ ಕಂಡಿರದಿದ್ದ ಕಾಲದಲ್ಲಿಯೇ, ಬರೆದರು. ಮೊದಲ ಜೋಡಿ ಕ್ವೇಸಾರಿನ ತಡವನ್ನು ಕುರಿತು ಬಹುಕಾಲ ವಿವಾದವಿದ್ದು, ಕೆಲವರು 536 ದಿನಗಳೆಂದೂ ಕೆಲವರು ಅದಕ್ಕಿಂತ ಬಹಳ ಕಡಮೆಯೆಂದೂ ವಾದಿಸಿದರು. 1997ರ ಸುಮಾರಿಗೆ 417 ದಿನಗಳೆಂದು ನಿಶ್ಚಯವಾಯಿತು. ಈ ಕೆಲಸದಲ್ಲಿ ನಮ್ಮ ನಾಡಿನ ಪಾಲೂ ಉಂಟು. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ಉಪಗ್ರಹದ ಸಂಪರ್ಕದಿಂದ ನಡೆಸುವರು. ಬೆಂಗಳೂರಿನ ಭಾರತೀಯ ಖಗೋಳಭೌತ ವಿಜ್ಞಾನ ಸಂಸ್ಥೆಯವರು ಅದರಿಂದಲೂ ಹೊರದೇಶಗಳ ದೂರದರ್ಶಕಗಳಿಂದಲೂ ಒಂದು ಜೋಡಿ ಕ್ವೇಸಾರನ್ನು ವರ್ಷಗಟ್ಟಲೆ ನೋಡಿ, 2013ರಲ್ಲಿ ಅದರ ತಡವು ಸುಮಾರು 119 ದಿನಗಳೆಂದು ಪ್ರಕಟಿಸಿದರು. ಹೊಸಕೋಟೆಯ ದಾರಿಯಲ್ಲಿ ಹೋಗುವ ನಾವು ಅಲ್ಲಿ ಇಂತಹ ಕಾಲಗಣನೆ ನಡೆಯುತ್ತಿರುವುದೆಂದು ನೆನೆಸುವುದೇ ಇಲ್ಲ.

ಬಿಡಿ ಮಸೂರಗಳಿಗಿಂತಲೂ ಬಿಗಿಯಾದ ಅಳತೆಯನ್ನು ಕೊಟ್ಟಿರುವುದು ಇನ್ನೊಂದು ಬಗೆಯ ಮಸೂರ. ವಿಶ್ವವು ಹುಟ್ಟಿ ಸುಮಾರು 3,80,000 ವರ್ಷಗಳಾದಾಗ ಹೊರಟ ಬೆಳಕು, 1380 ಕೋಟಿ ವರ್ಷ ಪಯಣಿಸಿ, ಈಗ ಎಲ್ಲ ದಿಕ್ಕುಗಳಿಂದಲೂ ಮೈಕ್ರೋವೇವ್ ಕಿರಣರೂಪದಲ್ಲಿ ಬರುತ್ತಿದೆ. ಅದರಲ್ಲಿ ತುಸು ಬಿಸಿಯಾದ, ತುಸು ತಣ್ಣಗಾದ ಮಚ್ಚೆಗಳಿವೆ. ಅವುಗಳ ನಿಜವಾದ ಗಾತ್ರವನ್ನು ಭೌತವಿಜ್ಞಾನದಿಂದ ಗುಣಿಸಬಹುದು. ವಿಶ್ವವು ಋಜುವಾದರೆ ಅವು ಆಕಾಶದಲ್ಲಿ ಸುಮಾರು ಒಂದು ಅಂಶದಷ್ಟು ತೋರಬೇಕು. ಗೋಲವಾದರೆ ದೊಡ್ಡದಾಗಿ, ಜೀನಾದರೆ ಚಿಕ್ಕದಾಗಿ ತೋರಬೇಕು. ಅಂಟಾರ್ಕ್ಟಿಕದ ಮೇಲೆ ಹಾರಿಸಿದ ಬೂಮರ್ಯಾಂಗ್ ಎಂಬ ಬಲೂನು ಯಂತ್ರದಿಂದ 2000ದಲ್ಲಿ ದೊರೆತ ಉತ್ತರವು ಸುಮಾರು ಒಂದು ಅಂಶವೆಂಬುದೇ. ಆದರೆ ಇಲ್ಲಿಯೂ ಒಂದು ಸಂದೇಹವು ಉಳಿಯುವುದು. ದ್ರವ್ಯವು ಹೆಚ್ಚಾಗಿ, ವಿಸ್ತಾರದ ವೇಗವು ಕಡಮೆಯಾದ ಗೋಲವಿಶ್ವವೂ ಅದೇ ಗಾತ್ರದ ಮಚ್ಚೆಗಳನ್ನು ತೋರಿಸಬಲ್ಲುದು. ಬಾಹ್ಯರೂಪವು ಒಂದೇ, ಒಳಗಣ ವಸ್ತುವು ಬೇರೆ.

ಈ ಗಂಟನ್ನು ಬಿಡಿಸುವುದು ಮತ್ತೆ ಬೆಳಕಿನ ಬಾಗುವಿಕೆಯೇ. ಆ ಪುರಾತನ ಬೆಳಕು ನಡುವಣ ದ್ರವ್ಯರಾಶಿಗಳ ನಡುವೆ ಹಾದುಬರುವಾಗ ಸುಮಾರು ಎರಡೂವರೆ ಕಲೆಗಳಷ್ಟು, ಎಂದರೆ ಒಂದು ಅಂಶದ ಇಪ್ಪತ್ತನಾಲ್ಕರಲ್ಲೊಂದು ಪಾಲಿನಷ್ಟು, ಅತ್ತಿತ್ತ ಸರಿಯುತ್ತದೆ. ಇದರಿಂದ ಮಚ್ಚೆಗಳ ಅಂಚುಗಳು ಕೊಂಚ ಕದಡುತ್ತವೆ. ದ್ರವ್ಯವು ಹೆಚ್ಚಾದರೆ ಕದಡುವಿಕೆಯೂ ಹೆಚ್ಚು. ಆದುದರಿಂದ ಮಚ್ಚೆಗಳ ಗಾತ್ರದ ಜೊತೆಗೆ ಕದಡುವಿಕೆಯನ್ನೂ ಅಳೆದರೆ ಎರಡು ವಿಶ್ವಗಳಲ್ಲಿ ಯಾವುದು ನಮ್ಮದೆಂದು ತಿಳಿಯುವುದು. ಚಿಲಿ ದೇಶದ ಅಟಕಾಮ ದೂರದರ್ಶಕದವರು 2011ರಲ್ಲಿ ಹೀಗೆ ಮಾಡಿ ತೋರಿಸಿದರು.

ಇನ್ನು ಐರೋಪ್ಯರು 2009ರಲ್ಲಿ ಹಾರಿಸಿದ ಪ್ಲಾಂಕ್ ಎಂಬ ನೌಕೆಯ ವಿಷಯ. 2018ರಲ್ಲಿ ಪ್ರಕಟವಾದ ಅದರ ಕೊನೆಯ ಲೆಕ್ಕದಲ್ಲಿ ಒಂದು ವಿಚಿತ್ರವು ಕಂಡುಬಂದಿತು. ಮಚ್ಚೆಗಳ ನಕ್ಷೆಯೊಂದನ್ನೇ ತೆಗೆದುಕೊಂಡರೆ ವಕ್ರತೆಯ ಅಂಕವು −0.044, ಅಂದರೆ ಗೋಲದ ಕಡೆಗೆ ವಾಲಿದೆ. ಏಕೆಂದರೆ ನಕ್ಷೆಯು ನಿರೀಕ್ಷಿಸಿದುದಕ್ಕಿಂತ ಹೆಚ್ಚು ಕದಡಿದಂತೆ ತೋರಿತು. ಆದರೆ ಅದೇ ಬೆಳಕಿನಿಂದ ಬಾಗುವಿಕೆಯನ್ನು ಬೇರೆ ರೀತಿಯಿಂದ ನೇರವಾಗಿ ಪಡೆದು ಸೇರಿಸಿದರೆ ಅಂಕವು −0.011ಕ್ಕೆ ಇಳಿಯಿತು. ಗೆಲಾಕ್ಸಿಗಳ ಹಂಚಿಕೆಯಿಂದ ದೊರೆಯುವ ದೂರಗಳನ್ನೂ ಸೇರಿಸಿದಾಗ 0.0007, ಅತ್ತಿತ್ತ 0.0019 ಎಂದಾಯಿತು, ಇದು ಸೊನ್ನೆಯೆಂದೇ ಹೇಳಬೇಕು. 2019ರಲ್ಲಿ ಡಿ ವಾಲೆಂಟಿನೊ, ಮೆಲ್ಕಿಯೋರ್ರಿ, ಸಿಲ್ಕ್ ಎಂಬ ವಿದ್ವಾಂಸರು, "ಪರಸ್ಪರ ಒಪ್ಪದ ಸಾಕ್ಷಿಗಳನ್ನು ಕೂಡಿಸಿ ಸರಾಸರಿ ಮಾಡುವುದು ನ್ಯಾಯವೆ? ವಿಶ್ವವು ಗೋಲವೇ ಆಗಿರಬಾರದೇಕೆ?" ಎಂಬರ್ಥದ ಆಕ್ಷೇಪವನ್ನು ಎತ್ತಿದರು. ಮರುವರ್ಷ ಎಫ್‌ಸ್ಟಾಥಿಯೂ ಮತ್ತು ಗ್ರಾಟನ್ ಅದಕ್ಕೆ ಉತ್ತರ ಕೊಟ್ಟು, ಲೆಕ್ಕವನ್ನು ಇನ್ನೂ ಎಚ್ಚರದಿಂದ ಮಾಡಿದರೆ ಋಜುತ್ವವೇ ಉಳಿಯುವುದೆಂದರು. ಅದೇ 2020ರಲ್ಲಿ ಅಟಕಾಮದವರ ಸ್ವತಂತ್ರವಾದ ನಕ್ಷೆಯೂ ಋಜುತ್ವಕ್ಕೇ ಸಾಕ್ಷಿ ನುಡಿಯಿತು. ಹೆಚ್ಚಿನವರು ಈಗ ಈ ಪಕ್ಷದಲ್ಲಿರುವರು.

ವಿದ್ಯಾರ್ಥಿಗಳೆ, ಈ ವಾದವನ್ನು ನಾನು ಬೇಕೆಂದೇ ವಿಸ್ತರಿಸಿ ಹೇಳಿದೆನು. ಆಕ್ಷೇಪವನ್ನೆತ್ತಿದವರು ಸೋತರೆಂದು ಅವರನ್ನು ಹಗುರವಾಗಿ ಕಾಣಬಾರದು. ಒಂದೇ ಯಂತ್ರದ ಎರಡು ಅಳತೆಗಳು ಹೊಂದದಿರುವಾಗ ಅದನ್ನು ಮುಚ್ಚಿಡದೆ ಸಭೆಯ ಮುಂದಿಟ್ಟವರಿಂದಲೇ ಉಳಿದವರೆಲ್ಲರೂ ತಮ್ಮ ಲೆಕ್ಕಗಳನ್ನು ಮತ್ತೆ ತೊಳೆದು ನೋಡುವಂತಾಯಿತು. ಊಹೆಯನ್ನು ಬೇಡದ ಮಸೂರದ ಕೂಡಿಕೆಗೆ ಇರುವ ಬೆಲೆಯೂ ಇದೇ. ಇಂದು ಅದರ ಬೇಲಿಯು ಅಗಲವಾಗಿದ್ದರೂ, ಅದು ಯಾರ ಪಕ್ಷವನ್ನೂ ವಹಿಸದ ಸಾಕ್ಷಿ. ಅದನ್ನು ಬಿಗಿಗೊಳಿಸುವ ಕಾರ್ಯವು ನಡೆಯುತ್ತಿದೆ. 2023ರ ಜುಲೈ 1ರಂದು ಹಾರಿದ ಯೂಕ್ಲಿಡ್ ನೌಕೆಯು ನಮ್ಮಿಂದ ಸುಮಾರು 59 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿರುವ ಗೆಲಾಕ್ಸಿಯೊಂದರ ಸುತ್ತ ಪರಿಪೂರ್ಣವಾದ ಉಂಗುರವನ್ನು ಕಂಡ ಸಂಗತಿಯು 2025ರಲ್ಲಿ ಪ್ರಕಟವಾಯಿತು. ಅದರ ಕಾರ್ಯವು ಮುಗಿಯುವ ಹೊತ್ತಿಗೆ ಒಂದು ಲಕ್ಷದಷ್ಟು ಮಸೂರಗಳು ದೊರೆಯಬಹುದೆಂದು ನಿರೀಕ್ಷಿಸಿದ್ದಾರೆ. ಕೈಬೆರಳಲ್ಲಿ ಎಣಿಸುವಷ್ಟಿದ್ದ ವಸ್ತುವು ರಾಶಿಯಾದಾಗ ಒಂದೊಂದರ ತಪ್ಪನ್ನು ಇನ್ನೊಂದು ತಿದ್ದುವುದು.

ಈಗ ಹುಡುಗನ ಪ್ರಶ್ನೆಗೆ ಉತ್ತರವನ್ನು ಹೇಳಿ ಮುಗಿಸುವೆನು. ಯಾವ ಧೈರ್ಯದಿಂದ ಹೇಳುತ್ತಾರೆ? ಒಳಗಿನಿಂದಲೇ ಅಳೆಯಬಹುದೆಂಬ ಧೈರ್ಯದಿಂದ. ಎಷ್ಟು ಹೇಳುತ್ತಾರೆ? ಅಳೆದಷ್ಟನ್ನೇ ಹೇಳುತ್ತಾರೆ. ಈವರೆಗಿನ ಅಳತೆಗಳಿಗೆ ವಿಶ್ವವು ಋಜುವಾಗಿ ಕಾಣುತ್ತಿದೆ. ಅಷ್ಟರಿಂದಲೇ ಅದು ಅನಂತವೆಂದು ಸಾಧಿಸಿದಂತಾಗಲಿಲ್ಲ. ವಕ್ರತೆಯ ಅಂಕವು −0.004ರಷ್ಟು ಇದ್ದರೂ ಆ ಗೋಲದ ತ್ರಿಜ್ಯವು ಸುಮಾರು 23,000 ಕೋಟಿ ಜ್ಯೋತಿರ್ವರ್ಷಗಳಾಗುವುದು. ನಾವು ಕಾಣಬಲ್ಲ ವಿಶ್ವದ ತ್ರಿಜ್ಯವಾದರೋ ಸುಮಾರು 4600 ಕೋಟಿ. ನಾವು ಆಗ ಹೇಳಿದ ಒಂದು ಎಕರೆಯ ರೈತನನ್ನು ನೆನೆಯಿರಿ. ಅವನ ಹಗ್ಗಕ್ಕೆ ಭೂಮಿಯು ಸಮತಲವಾಗಿ ಕಂಡಿತು. ಅದು ಅವನ ಹಗ್ಗದ ಮಟ್ಟಿಗೆ ಸತ್ಯ. ನಾವೂ ನಮ್ಮ ಹಗ್ಗವನ್ನು ಹಿಡಿದು ನಿಂತಿದ್ದೇವೆ. ಹಗ್ಗವು ಚಿಕ್ಕದೆಂದು ಅಳೆಯುವುದನ್ನು ಬಿಡತಕ್ಕದ್ದಲ್ಲ. ಅಳೆದುದೇ ಎಲ್ಲವೆಂದು ಹೇಳತಕ್ಕದ್ದೂ ಅಲ್ಲ. ಈ ಎರಡನ್ನೂ ಕೂಡಿ ನಡೆಸುವವನೇ ನಿಜವಾದ ವಿದ್ಯಾರ್ಥಿ.